ನಾಲ್ಕನೆಯ ಗುಹೆಗೆ ನೀವೇ ಹೋಗಿ ಬನ್ನಿ

ನವೆಂಬರ್ 10, ರವಿವಾರ

ಇವತ್ತೂ ವಾಕಿಂಗ್ ಆಗಲಿಲ್ಲ. ಥಂಡಿ. ಥಂಡಿಯಲ್ಲಿ ನಡೆದರೆ ಕಫ ಕಟ್ಟುತ್ತದೆ ಅಂತ ಯಾರೋ ಹೇಳಿದ್ದರು. ಯಾರು ಅಂತ ನೆನಪಿಲ್ಲ, ತಿಳಿದವರೇ ಇರಬೇಕು.

ಬಸ್‌ಸ್ಟ್ಯಾಂಡ್ ಹತ್ತಿರ ಗಿರಮಿಟ್ಟು, ಜೊತೆಗೆ ಮಿರ್ಚಿ ಭಜಿ. ಗಿರಮಿಟ್ಟು ಅಂದರೆ ಚುರುಮುರಿ, ಚುರುಮುರಿ ಅಂದರೆ ಗಾಳಿ. ಲೆಕ್ಕಕ್ಕಿಲ್ಲ. ಭಜಿಯನ್ನು ಕಟ್ಟಿಸಿಕೊಂಡು ಗುಹೆಗಳ ಹತ್ತಿರ ಒಯ್ದರೆ ಮಂಗಗಳು ಕಿತ್ತುಕೊಳ್ಳುತ್ತವೆ. ಹಾಗಾಗಿ ಅಲ್ಲೇ ನಿಂತು ಮುಗಿಸಿದೆ.

ಬೆಳಗಾವಿಯ ಪ್ರವಾಸಿಗರ ಒಂದು ಪಾರ್ಟಿ ಸಿಕ್ಕಿತು. ಮೊದಲ ಗುಹೆಯಲ್ಲಿ ಹದಿನೆಂಟು ಕೈಯ ನಟರಾಜನನ್ನು ಚೆನ್ನಾಗಿ ಹೇಳಿದೆ. ಆಮೇಲೆ ಕೆಳಗೆ ಬೇವಿನ ಮರದ ನೆರಳಿಗೆ ಕರೆದೊಯ್ದು ಯಾವಾಗಲೂ ಹೇಳುವ ಮಾತು: "ಉಳಿದದ್ದನ್ನೆಲ್ಲ ಇಲ್ಲಿಂದಲೇ ವಿವರಿಸುತ್ತೇನೆ. ನಾಲ್ಕನೆಯ ಗುಹೆಗೆ ನೀವೇ ಆರಾಮಾಗಿ ಹೋಗಿ ಬನ್ನಿ." ನಾನು ಅಲ್ಲಿಗೆ ಹೋಗಿ ವರ್ಷದ ಮೇಲಾಯಿತು. ಬಾದಾಮಿಯಲ್ಲಿ ಇಷ್ಟು ವರ್ಷದ ಗೈಡ್ ನಾನು. ಗೈಡಿಗೆ ದನಿ ಮುಖ್ಯ, ಕಾಲಲ್ಲ.

ನವೆಂಬರ್ 14, ಸಂಜೆ

ಹೆಂಡತಿ ಸುಗರಾ ಬಿಡಲಿಲ್ಲ, ದವಾಖಾನೆಗೆ ಕರೆದುಕೊಂಡು ಹೋದಳು. ಡಾಕ್ಟರು ಹೊಟ್ಟೆ ತಟ್ಟಿ ನೋಡಿ, "ಇಮಾಮಹುಸೇನರ, ದಿನಾ ಗುಡ್ಡಾ ಏರವರಿಗೆ ಇದು ಹೆಂಗ ಬಂತ್ರಿ?" ಅಂದರು. "ವಾತರೀ," ಅಂದೆ. ಸುಗರಾ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಳು.

ಶುಗರ್ ಬಾರ್ಡರ್‌ನಲ್ಲಿದೆಯಂತೆ. ಬಾರ್ಡರ್ ಅಂದರೆ ದಾಟಿಲ್ಲ ಅಂತಲೇ ಅರ್ಥ. ಅನ್ನ ಕಡಿಮೆ ಮಾಡಿ ಅಂದರು. ಸರಿ, ರಾತ್ರಿ ಅನ್ನ ಮುಟ್ಟಲಿಲ್ಲ. ರೊಟ್ಟಿಯ ಮಾತು ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಎಣ್ಣೆಗಾಯಿ ಇತ್ತು... ರೊಟ್ಟಿ ಎಷ್ಟಾದವೋ.

ನವೆಂಬರ್ 21

ಹುನಗುಂದದಿಂದ ಸುಗರಾಳ ತಮ್ಮ ಅಲ್ಲಾಸಾಬ ಬಂದಿದ್ದ. ಬರುವಾಗ ಅಮೀನಗಡದ ಕರದಂಟು ತಂದಿದ್ದ. ಬಾಣಂತಿಯರಿಗೆ ಶಕ್ತಿ ಬರಲಿ ಅಂತ ಕೊಡುವ ವಸ್ತು ಅದು, ಔಷಧಿ ಇದ್ದ ಹಾಗೆ. "ಮನ್ಯಾಗ ಬಾಣಂತಿ ಯಾರದಾರ?" ಅಂದಳು ಸುಗರಾ. ನನ್ನ ಬಾಯಿ ತುಂಬಿತ್ತು.

ಊಟಕ್ಕೆ ಕೂತಾಗ ಹೇಳಿದೆ: ನಾಲ್ಕನೆಯ ಗುಹೆಯ ಬಾಹುಬಲಿಯನ್ನು ನೋಡು. ನಿಂತಲ್ಲೇ ನಿಂತ, ಕಾಲಿಗೆ ಬಳ್ಳಿ ಹಬ್ಬಿದವು, ಜಗತ್ತೇ ಕೈ ಮುಗಿಯಿತು. ವಾಕಿಂಗ್ ಹೋಗಿದ್ದರೆ ಹಬ್ಬುತ್ತಿದ್ದವೇ?

"ಅವರು ಉಣಲಾರದ ನಿಂತಿದ್ರು," ಅಂದಳು ಸುಗರಾ.

ಅಲ್ಲಾಸಾಬನಿಗೆ ನಗುವಿನಲ್ಲಿ ತುತ್ತು ನೆತ್ತಿಗೇರಿ ಠಸಕಿ ಹತ್ತಿತು. ಅಳಿಯ, ಭಾವ ಅನ್ನುವ ಮರ್ಯಾದೆ ಇಲ್ಲದ ಮನೆತನ.

ಡಿಸೆಂಬರ್ 3

ಬೆಳಿಗ್ಗೆ ಚಹಾ ಕೊಡುತ್ತ ಸುಗರಾ ಇದ್ದಕ್ಕಿದ್ದಂತೆ ಕೇಳಿದಳು. "ಜನವರಿ ಐದಕ್ಕ ನಮ್ಮ ನಿಕಾಹ್ ಆಗಿ ಇಪ್ಪತ್ತೈದು ವರ್ಷ ಆತು. ನನಗ ಸೀರಿ ಬ್ಯಾಡ, ಬಂಗಾರ ಬ್ಯಾಡ. ನಾಕನೇ ಗವಿತನಾ ಕರಕೊಂಡು ಹೋಗ್ರಿ. ಊರಿಗೆಲ್ಲಾ ತೋರಿಸ್ತೀರಿ, ನನಗ ಒಮ್ಮಿ ತೋರಿಸಿಲ್ಲ."

ಖರೆ. ಮದುವೆಯಾದ ಹೊಸತರಲ್ಲಿ ಮೊದಲ ಗುಹೆ ತೋರಿಸಿದ್ದೆ. ಆಮೇಲೆ ಮಕ್ಕಳು, ಮನೆ. ಗುಡ್ಡದ ಬುಡದಲ್ಲಿದ್ದವರಿಗೆ ಗುಡ್ಡ ನೋಡಲು ಪುರುಸೊತ್ತಿರುವುದಿಲ್ಲ.

ಆಯಿತು ಅಂದೆ. ಅಂದ ಮೇಲೆ ಯೋಚನೆ ಹತ್ತಿತು. ಆಕೆಯ ಮುಂದೆ ಅರ್ಧಕ್ಕೇ ಕುಸಿದು ಕೂತರೆ? ಬೇರೆ ಯಾರ ಮುಂದೆ ಕೂತರೂ ನಡೆದೀತು.

ಡಿಸೆಂಬರ್ 15, ರವಿವಾರ

ಮೈಸೂರಿನ ಒಂದು ಪಾರ್ಟಿ. ಅವರಲ್ಲಿ ಒಬ್ಬ ಅಜ್ಜಿ, ನನ್ನ ತಾಯಿಯ ವಯಸ್ಸು. ಎಲ್ಲರೊಡನೆ ಮೇಲೆ ಹೋಗಿ ಬಂದರು. ನಾನು ಬೇವಿನ ಬುಡದಲ್ಲೇ. ಅಜ್ಜಿ ಕೆಳಗಿಳಿದು ಬಂದು, "ಮೇಲೆ ಏನು ಗಾಳಿ ಅಂತೀರಿ! ಆ ಕೆರೆ, ಆಚೆ ಗುಡ್ಡ... ದಿನಾ ನೋಡ್ತೀರಲ್ಲ, ಪುಣ್ಯವಂತರು ನೀವು," ಅಂದರು.

"ಹೌದ್ರೀ," ಅಂದೆ.

ಇಡೀ ದಿನ ಆ ಮಾತು ಚುಚ್ಚುತ್ತಿತ್ತು. ನಾಚಿಕೆ ಆಯಿತು, ಸುಳ್ಳೇಕೆ. ಮನಸ್ಸು ಸರಿ ಇರಲಿಲ್ಲ, ಹಾಗಾಗಿ ಎರಡು ಪ್ಲೇಟ್ ಭಜಿ.

ಡಿಸೆಂಬರ್ 16, ಬೆಳಿಗ್ಗೆ 6

ವಾಕಿಂಗ್ ಶುರು! ಕೆರೆಯ ದಂಡೆತನಕ ಹೋದೆ. ಅಲ್ಲಿ ಒಂದು ಚಹಾದಂಗಡಿ ಆಗಿದೆ, ಒಳ್ಳೆಯ ಚಹಾ. ಬನ್ನೂ ಇದೆ. ನಾಳೆಯಿಂದ ದಿನಾ.

ಡಿಸೆಂಬರ್ 27

ಮೊಣಕಾಲು ನೋವು ಅಂತ ಸುಗರಾಗೆ ಹೇಳಿದೆ. ಬೇಸಿಗೆ ಆಗಲಿ, ಅಷ್ಟರಲ್ಲಿ ರಂಜಾನ್ ಬರುತ್ತದೆ, ರೋಜಾದಲ್ಲಿ ಮೈ ತಾನಾಗಿಯೇ ಇಳಿಯುತ್ತದೆ, ಆಗ ಹೋಗೋಣ ಅಂದೆ.

"ಎಲ್ಲಾರದೂ ಇಳಿತದ. ನಿಮ್ದು ರಂಜಾನಿನಾಗ ಏರ್ತದ," ಅಂದಳು. ಸಿಟ್ಟಿರಲಿಲ್ಲ. ಕೈಯಲ್ಲಿದ್ದ ಮೆಂತ್ಯ ಸೋಸುತ್ತಲೇ, "ಇರಲಿ ಬಿಡ್ರಿ. ಹೊಲಿಗಿ ಕ್ಲಾಸಿನ ಹೆಣ್ಮಕ್ಕಳು ಐದಕ್ಕ ಹೊಂಟಾರ. ಯಮನೂರ ತೋರಿಸ್ತಾನಂತ. ಅವರ ಜೋಡಿ ಹೋಗಿ ಬರ್ತೇನಿ."

ಯಮನೂರ! ನಿನ್ನೆ ಮೊನ್ನೆ ಗೈಡ್ ಆದ ಹುಡುಗ. ಮೆಟ್ಟಿಲನ್ನು ಜಿಂಕೆಯಂತೆ ಹಾರುತ್ತಾನೆ, ವರಾಹ ಯಾವುದು ನರಸಿಂಹ ಯಾವುದು ಅಂತ ಫೋನ್ ನೋಡಿ ಹೇಳುತ್ತಾನೆ. ನನ್ನ ಹೆಂಡತಿಗೆ ನನ್ನ ಗುಹೆಗಳನ್ನು ಅವನು ತೋರಿಸುವುದೇ?

"ಮೊಣಕಾಲು ಅಷ್ಟೇನಿಲ್ಲ," ಅಂದೆ.

ಜನವರಿ 5, ರವಿವಾರ

ಹೋಗಿ ಬಂದೆವು. ಎಲ್ಲ ಬರೆದಿಡಬೇಕು.

ಸುಗರಾ ನಿಕಾಹಿನ ಇಳಕಲ್ ಸೀರೆ ಉಟ್ಟಿದ್ದಳು. ಇಪ್ಪತ್ತೈದು ವರ್ಷದ ಮೇಲೂ ಸರಿ ಕೂತಿತ್ತು. ಸೀರೆಗೇನು, ಎಲ್ಲರಿಗೂ ಕೂಡುತ್ತದೆ. ನನ್ನ ಶೇರವಾನಿಯ ಮಾತು ಬೇಡ.

ಮೊದಲ ಗುಹೆ ದಾಟಿ ಸ್ವಲ್ಪ ಏರುವಷ್ಟರಲ್ಲಿ ಎದೆ ಢವಢವ. ನಿಲ್ಲುವುದಕ್ಕೆ ಏನು ನೆಪ ಅಂತ ಹುಡುಕುತ್ತಿದ್ದೆ. ಅಷ್ಟರಲ್ಲಿ ಆಕೆಯೇ ನಿಂತಳು. "ಈ ಕಲ್ಲು ಯಾಕ ಇಷ್ಟು ಕೆಂಪರಿ?" ನಿಧಾನವಾಗಿ ವಿವರಿಸಿದೆ. ಉಸಿರು ಬಂತು. ಮತ್ತೆ ಏರಿದೆವು. ಎರಡನೆಯದರಲ್ಲಿ, "ಒಂದು ಕಾಲು ಮುಗಿಲಿಗೆ ಎತ್ಯಾನಲ್ಲ, ಯಾರಿವ?" ತ್ರಿವಿಕ್ರಮ ಅಂದೆ, ಕತೆ ಹೇಳಿದೆ. ಏನು ಆಸಕ್ತಿ ಇವಳಿಗೆ! ಹಿಗ್ಗಿಹೋದೆ. ಇಷ್ಟು ಒಳ್ಳೆಯ ಪ್ರವಾಸಿ ನನಗೆ ಸಿಕ್ಕೇ ಇರಲಿಲ್ಲ.

ಮೂರನೆಯ ಗುಹೆಯ ಜಗಲಿಯಲ್ಲಿ ಸಾಲಾಗಿ ಕೆತ್ತಿದ ಕುಳ್ಳ ಗಣಗಳು, ಡೊಳ್ಳು ಹೊಟ್ಟೆ, ಕುಣಿತ. "ನೋಡು, ಹೊಟ್ಟೆ ಇದ್ದವರೇ ಗುಹೆ ಹೊತ್ತಾರ," ಅಂದೆ. "ಖರೆ, ಆದ್ರ ಅವರು ಕುಣ್ಯಾಕತ್ಯಾರ," ಅಂದಳು.

ಅಲ್ಲೇ ಎಡವಟ್ಟಾಯಿತು. ಶಾಸನದ ಕತೆ ಶುರು ಮಾಡಿದೆ. "ಮಂಗಲೇಶ ಈ ಗುಹೆಯನ್ನು ಕಡೆಸಿ..." ದಮ್ಮು ಹತ್ತಿ ಮಾತು ನಿಂತಿತು. ಬೆವರು. ಕಂಬ ಹಿಡಿದುಕೊಂಡೆ.

"ಕಡೆಸಿ, ಅದರ ಪುಣ್ಯಾನೆಲ್ಲಾ ಅಣ್ಣ ಕೀರ್ತಿವರ್ಮಗ ಕೊಟ್ಟಾ," ಅಂತ ಸುಗರಾ ಮುಗಿಸಿದಳು.

ಆಕೆಯ ಮುಖ ನೋಡಿದೆ. "ನಿನಗ ಹೆಂಗ ಗೊತ್ತು?"

"ಇಪ್ಪತ್ತೈದು ವರ್ಷ ಜಳಕದ ಮನ್ಯಾಗ ಇದನ್ನ ಒದರೀರಿ. ಎಲ್ಲಾ ಗೊತ್ತೈತಿ ನನಗ. ತ್ರಿವಿಕ್ರಮನೂ ಗೊತ್ತು, ಕೆಂಪು ಕಲ್ಲೂ ಗೊತ್ತು."

"ಮತ್ತ ಯಾಕ ಕೇಳಿದಿ?"

"ನೀವು ನಿಲ್ಲಲಿ ಅಂತ."

ಕಣ್ಣು ತುಂಬಿ ಬಂತು. ಬೆವರಿನ ಜೊತೆ ಅದನ್ನೂ ಒರೆಸಿಕೊಂಡೆ. ಆಮೇಲೆ ವಿವರಣೆ ಇಲ್ಲದೆಯೇ ಏರಿದೆವು. ದಮ್ಮು ಹತ್ತಿದಾಗ ನಿಂತೆ, ದಮ್ಮು ಹತ್ತಿದೆ ಅಂತ ಹೇಳಿಯೇ ನಿಂತೆ. ನಾಲ್ಕನೆಯ ಗುಹೆ. ಕೆರೆ, ಆಚೆ ಗುಡ್ಡ. ಆ ಅಜ್ಜಿ ಹೇಳಿದ್ದು ಖರೆ, ಏನು ಗಾಳಿ! ಸೀರೆಯ ಸೆರಗು ಹಾರುತ್ತಿತ್ತು, ಹಿಡಿದುಕೊಂಡು ನಗುತ್ತಿದ್ದಳು. ಇಷ್ಟು ಸುಖವಾಗಿ ಯಾವತ್ತು ಇದ್ದೆನೋ ನೆನಪಿಲ್ಲ.

ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಇತ್ತು. ಬಿಚ್ಚುವಷ್ಟರಲ್ಲಿ ಮಂಗ ಒಯ್ದಿತು. ಒಂದು ತುಣುಕು ಉಳಿದಿತ್ತು, ಅರ್ಧರ್ಧ ತಿಂದೆವು.

ಜನವರಿ 6, ಬೆಳಿಗ್ಗೆ 6

ಕಾಲು ಎತ್ತಿಡಲಾಗುತ್ತಿಲ್ಲ. ನಿನ್ನೆಯದೇ ವಾರದ ವ್ಯಾಯಾಮ ಆಯಿತು. ಸ್ನಾಯುಗಳಿಗೆ ರೆಸ್ಟ್ ಕೊಡಬೇಕು ಅಂತ ಎಲ್ಲೋ ಓದಿದ್ದೆ. ಮೇಲಾಗಿ ಇವತ್ತೂ ಥಂಡಿ, ಕಫ...

ಸುಗರಾ ಹೊಸ್ತಿಲಲ್ಲಿ ನಿಂತಿದ್ದಾಳೆ. ಸ್ವೆಟರ್ ಹಾಕಿಕೊಂಡಿದ್ದಾಳೆ, ಕೈಯಲ್ಲಿ ನನ್ನ ಬೂಟು. "ಅಲ್ರಿ, ಕೆರಿ ಆಚಿ ಗುಡ್ಡದ ಮ್ಯಾಲೆ ಶಿವಾಲಯ ಐತಲ್ಲ, ಅದರಾಗ ಏನೈತ್ರಿ?"

ಏನಿದೆ ಅಂತ ಆಕೆಗೆ ಚೆನ್ನಾಗಿ ಗೊತ್ತು. ಗೊತ್ತಿದೆ ಅಂತ ನನಗೂ ಗೊತ್ತು. ಆದರೂ ಕೇಳಿದ ಮೇಲೆ ಹೇಳಬೇಕು. ಇಲ್ಲಿ ಕೂತೇ ಹೇಳಬಹುದಿತ್ತು, ಆದರೆ ಅದನ್ನು ಹತ್ತಿರದಿಂದ ತೋರಿಸಿ ಹೇಳಿದರೇ

ಬಂದೆ, ಬಂದೆ, ಒಂದು ಬೂಟು ಹಾಕಿಕೊಂಡೆ, ಇನ್ನೊಂದು