ಎರಡನೆಯ ಡೆಲ್ಫಿನ್

ಬಿಡಿಫೋರ್ಡ್, ಮೇನ್
ನವೆಂಬರ್ 14, 2025

ಪ್ರೀತಿಯ ಲಿಸೆಟ್,

ನೀನು ಕೇಳಿದ್ದಕ್ಕೆ ಒಂದೇ ಸಾಲು ಬರೆದು ಲಕೋಟೆ ಅಂಟಿಸಿಬಿಟ್ಟಿದ್ದೆ: ಹೌದು, ತೀರಿಹೋದ ಮಗುವಿನ ಹೆಸರನ್ನು ಮುಂದೆ ಹುಟ್ಟುವ ಮಗುವಿಗೆ ಇಡುವುದು ನಮ್ಮ ಮನೆತನದ ಪದ್ಧತಿಯೇ. ಅದು ಸುಳ್ಳಲ್ಲ. ಆದರೆ ಉಳಿದದ್ದನ್ನು ಹೇಳದಿದ್ದರೆ ನಿನ್ನ ಹೊಟ್ಟೆಯಲ್ಲಿರುವ ಕೂಸಿಗೆ ಅನ್ಯಾಯವಾಗುತ್ತದೆ ಅನ್ನಿಸಿ ಲಕೋಟೆ ಹರಿದೆ.

ಬೇಸಿಗೆಯೆಲ್ಲ, ಅಮ್ಮ ಮಲಗಿದ್ದಾಗ, ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ನಮ್ಮ ಹಿರಿಯರನ್ನು ಹುಡುಕಿದೆ. ಅಪ್ಪ ನಮ್ಮನ್ನು ಇಂಗ್ಲಿಷ್ ಶಾಲೆಗೆ ಹಾಕಿದ್ದಕ್ಕೆ ಚರ್ಚಿನ ಹಳೆಯ ಫ್ರೆಂಚ್ ದಾಖಲೆ ಓದಲು ತಿಣುಕಬೇಕಾಯಿತು. ಫ್ರಾನ್ಸಿನ ಪ್ವಾತುವಿನಿಂದ ಸಿಪಾಯಿಯಾಗಿ ಕ್ವಿಬೆಕ್‌ಗೆ ಬಂದ ಎತಿಯೆನ್ ಗೋದ್ರೋ ಸಿಕ್ಕಿದ. ಅವನ ಮನೆಯಲ್ಲಿ ಒಬ್ಬಳ ಹಿಂದೆ ಒಬ್ಬಳು ಮೂವರು ಜೆನೆವೀವ್. ಬದುಕಿದ್ದು ಮೂರನೆಯವಳು. ಹೊಸ ನೆಲ, ಆ ಚಳಿ. ಹೆಸರನ್ನಾದರೂ ಉಳಿಸಿಕೊಳ್ಳೋಣ ಎಂದುಕೊಂಡರೇನೋ. ಅವರನ್ನು ತಪ್ಪು ಎನ್ನಲು ನಾನ್ಯಾರು? ಆದರೆ ಆ ಮೂರನೆಯವಳಿಗೆ ಏನನ್ನಿಸಿತೆಂದು ಎಲ್ಲೂ ಸಿಗಲಿಲ್ಲ. ನನಗನ್ನಿಸಿದ್ದನ್ನು ಮಾತ್ರ ಹೇಳಬಲ್ಲೆ.

ನನಗಿಂತ ಮೊದಲು ಹುಟ್ಟಿದ ಡೆಲ್ಫಿನ್ ಕೆಲವೇ ವಾರ ಬದುಕಿದ್ದಳು. ನಾನು ಬಂದಾಗ ಅಮ್ಮನ ಪಾಲಿಗೆ ಅವಳೇ ಮರಳಿದ್ದಳು. ಶಿಕಾಗೋದಲ್ಲಿ ನನಗೆ ಪಾಠ ಹೇಳುವ ಕೆಲಸ ಸಿಕ್ಕಿದಾಗ ನೀನಿನ್ನೂ ಚಿಕ್ಕವಳು. ಅಮ್ಮ ಅಳಲಿಲ್ಲ, ಬೈಯಲಿಲ್ಲ. ಬಾಗಿಲಲ್ಲಿ ನಿಂತು ಇಷ್ಟೇ ಅಂದಳು: "ಒಂದ್ಸಲ ನನ್ನ ಬಿಟ್ಟು ಹೋಗಿದೀಯ ಡೆಲ್ಫಿನ್. ಸಾಲ್ದಾ?"

ನಾನು ಕಟ್ಟಿದ್ದ ಪೆಟ್ಟಿಗೆ ಬಿಚ್ಚಿದೆ. ಮುಂದೆ ನೀನು ಓಹಾಯೋಗೆ ಹೊರಟಾಗ ಅವಳೇ ನಿನ್ನ ಬಟ್ಟೆ ಮಡಚಿಕೊಟ್ಟಳು. ಅವಳಿಗೆ ನನ್ನ ಮೇಲೆ ಪ್ರೀತಿ ಇಲ್ಲವೆಂದಲ್ಲ. ಆ ಪ್ರೀತಿ ಯಾರಿಗೆ ಸೇರಿದ್ದು ಎಂಬುದು ಮಾತ್ರ ನನಗೆ ಈಗಲೂ ಗೊತ್ತಿಲ್ಲ.

ಕಳೆದ ಭಾನುವಾರ ಬಟಾಣಿ ಸೂಪ್ ಬಡಿಸುವಾಗ ಅಮ್ಮ, ನೀನು ಕಳೆದುಕೊಂಡ ಕೂಸು ಕಮೀಲ್ ಈ ಸಲ ವಾಪಸ್ ಬರುತ್ತಾಳೆ ಎಂದಳು. ಹೆಸರನ್ನು ಲಿಸೆಟ್‌ಗೇ ಬಿಡೋಣ ಎಂದೆ.

"ಒಳ್ಳೇ ಹೆಸರನ್ನ ಯಾರಾದ್ರೂ ಮಣ್ಣಲ್ಲಿ ಬಿಡ್ತಾರೇನೆ? ನಿಂಗೆ ಸರಿಹೋಯ್ತಲ್ಲ."

ರೀಟಾ ಚಿಕ್ಕಮ್ಮ ನಕ್ಕಳು: "ಸರಿಹೋಗ್ದೆ ಏನು? ನಲವತ್ತು ವರ್ಷದಿಂದ ತೊಟ್ಕೊಂಡಿದಾಳೆ, ಒಂದು ಹೊಲಿಗೆ ಬಿಟ್ಟಿಲ್ಲ ನೋಡು."

ನಾನೂ ನಕ್ಕೆ.

ನಮ್ಮ ಮನೆಯಲ್ಲಿ ದೀಕ್ಷಾಸ್ನಾನದ ದಿನ ಪಾದ್ರಿಗಳ ಮುಂದೆ ಹೆತ್ತವಳು ಬಾಯಿ ಬಿಡುವುದಿಲ್ಲ. ಮಗುವನ್ನು ಎತ್ತಿಕೊಂಡ ಜ್ಞಾನತಾಯಿಯೇ ಹೆಸರು ಹೇಳಬೇಕು. ಆ ಜಾಗಕ್ಕೆ ನೀನು ನನ್ನನ್ನು ಕರೆದಿದ್ದೀಯ. 'ಕಮೀಲ್' ಎಂದೇ ಹೇಳುತ್ತೇನೆಂದು ಅಮ್ಮ ನನ್ನಿಂದ ಭಾಷೆ ತೆಗೆದುಕೊಂಡಿದ್ದಾಳೆ. ಆ ಭಾಷೆಯನ್ನು ಮುರಿಯುತ್ತೇನೆ. ನಿನಗೆ ಬೇಕಾದ ಹೆಸರನ್ನು ಚರ್ಚಿನ ಬಾಗಿಲಲ್ಲಿ ನನ್ನ ಕಿವಿಯಲ್ಲಿ ಹೇಳು, ಸಾಕು. ಆಮೇಲೆ ಈ ಮನೆಗೆ ಮರಳಿ ಬಂದು ಅವಳ ಜೊತೆ ಇರಬೇಕಾದವಳು ನಾನು. ಅದನ್ನೂ ಯೋಚಿಸಿಯೇ ಬರೆಯುತ್ತಿದ್ದೇನೆ.

ಕಮೀಲ್‌ಳನ್ನು ಕಮೀಲ್ ಆಗಿಯೇ ಇರಲು ಬಿಡು, ಅಳಬೇಕೆನಿಸಿದಷ್ಟು ಅತ್ತುಬಿಡು. ಈಗ ಬರುತ್ತಿರುವವಳು ಯಾರೆಂದು ನಮಗಿನ್ನೂ ಗೊತ್ತಿಲ್ಲ.

ನಿನ್ನ
ಅಕ್ಕ

ಮರೆತಿದ್ದೆ: ಇದು ತಲುಪಿದ ಮೇಲೆ ಫೋನ್ ಮಾಡಬೇಡ, ಅಮ್ಮನೇ ಎತ್ತುತ್ತಾಳೆ. ಕಾಗದವನ್ನೂ ಬರೆಯಬೇಡ, ಒಡೆಯುತ್ತಾಳೆ. ಅವಳ ಜೊತೆ ಕೂರಲು ರೀಟಾ ಚಿಕ್ಕಮ್ಮ ಬರುವುದು ಮಂಗಳವಾರ. ನಾನು ಒಬ್ಬಳೇ ಹೊರಗೆ ಹೋಗುವುದು ಅಂದು ಮಾತ್ರ. ಹಾಗಾಗಿ ಇದನ್ನು ಅಂಚೆಗೆ ಹಾಕುವುದು ನವೆಂಬರ್ 18ಕ್ಕೆ.