ಹತ್ತು ಬಲ್ಬುಗಳ ಲೆಕ್ಕ

ಮನೆಯಿಂದ,
ಭಾನುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮ? ಕನ್ನಡಕದ ಅಂಗಡಿಯಲ್ಲಿ ದಿನವಿಡೀ ನಿಂತೇ ಇರಬೇಕು, ಸಂಜೆಯ ಹೊತ್ತಿಗೆ ಪಾದ ಊದಿಕೊಳ್ಳುತ್ತದೆ ಎಂದು ನಿನ್ನಮ್ಮ ಹೇಳಿದಳು. ಉಗುರುಬೆಚ್ಚಗಿನ ನೀರಿಗೆ ಉಪ್ಪು ಹಾಕಿ ಕಾಲಿಟ್ಟುಕೋ. ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಲ್ಲಬೇಡ. ಇಪ್ಪತ್ತೇಳು ವರ್ಷ ಬೋರ್ಡಿನ ಮುಂದೆ ನಿಂತವನ ಮಾತು, ಇದೊಂದನ್ನಾದರೂ ನಂಬಬಹುದು. ನೀನು ಫೋನು ಮಾಡಿದಾಗ ನಿನ್ನಮ್ಮ ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಾಳೆ. ನಾನು ಈಚೆ ಪೇಪರು ಹಿಡಿದು ಒಂದೇ ಸುದ್ದಿಯನ್ನು ಮೂರು ಸಲ ಓದುತ್ತೇನೆ. ಆಮೇಲೆ ಅವಳು ಬಂದು “ಚೆನ್ನಾಗಿದ್ದಾಳಂತೆ” ಎನ್ನುತ್ತಾಳೆ. ನಾಲ್ಕು ವರ್ಷದಿಂದ ನನ್ನ ಪಾಲಿಗೆ ಬರುವುದು ಅದೊಂದೇ ಮಾತು.

ನನಗೇನು ಧಾಡಿ, ಗುಂಡುಕಲ್ಲಿನ ಹಾಗಿದ್ದೇನೆ. ಕಾಲೇಜಿನಲ್ಲಿ ಹೊಸ ಪಟ್ಟ ಬೇರೆ ಕಟ್ಟಿದ್ದಾರೆ: ಆತ್ಮಾವಲೋಕನ ಸಮಿತಿಯ ಸಂಚಾಲಕ. ನಗು, ನಾನು ಬೇಡ ಎನ್ನುವುದಿಲ್ಲ. ನೀನು ಅಲ್ಲಿ ಓದುತ್ತಿದ್ದಾಗಲೇ ಇದು ಶುರುವಾಗಿತ್ತು, ನಿಮಗೆ ಗೊತ್ತಿರಲಿಲ್ಲ ಅಷ್ಟೇ. ಪ್ರತಿ ಶುಕ್ರವಾರ ಪ್ರತಿಯೊಬ್ಬ ಅಧ್ಯಾಪಕರೂ ಆ ವಾರದ ಪಾಠ ಹೇಗಾಯಿತು, ಎಲ್ಲಿ ಎಡವಿದೆ, ಏನು ತಿದ್ದಿಕೊಳ್ಳಬೇಕು ಎಂದು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಯೋಚನೆ ಒಳ್ಳೆಯದೇ. ಆದರೆ ಶುಕ್ರವಾರ ಯಾರೂ ಬರೆಯುವುದಿಲ್ಲ. ಸೆಮಿಸ್ಟರಿನ ಕೊನೆಗೆ ಪ್ರಾಂಶುಪಾಲರು, ಅದೇ ನೀವೆಲ್ಲ ‘ಸುತ್ತೋಲೆ’ ಎನ್ನುತ್ತಿದ್ದಿರಲ್ಲ ಅವರು, ನೋಟೀಸು ಕಳಿಸಿದ ಮೇಲೆ ಸ್ಟಾಫ್ ರೂಮಿನ ಉದ್ದ ಮೇಜಿಗೆ ಎಲ್ಲರೂ ಕೂತು ಹದಿನಾರು ವಾರಗಳನ್ನು ಒಂದೇ ಮಧ್ಯಾಹ್ನ ಮುಗಿಸುತ್ತೇವೆ. ಒಂದು ವಾರಕ್ಕೆ ನೀಲಿ ಪೆನ್ನು, ಇನ್ನೊಂದಕ್ಕೆ ಕಪ್ಪು. ಬೇರೆ ಬೇರೆ ದಿನ ಬರೆದ ಹಾಗೆ ಕಾಣಬೇಕು. ನನ್ನ ಹತ್ತಿರ ಹನ್ನೊಂದು ಸಿದ್ಧ ವಾಕ್ಯಗಳಿವೆ, ಎಲ್ಲರೂ ಎರವಲು ಪಡೆಯುತ್ತಾರೆ. ‘ಹಿಂದುಳಿದ ವಿದ್ಯಾರ್ಥಿಗಳ ಕಡೆ ಇನ್ನಷ್ಟು ಗಮನ ಹರಿಸುತ್ತೇನೆ’ ಎಂಬುದು ನನ್ನದೇ ಕೃತಿ. ಈಗದು ಆಟದ ಮೇಷ್ಟ್ರ ಪುಸ್ತಕದಲ್ಲೂ ಇದೆ. ಕಳೆದ ವರ್ಷ ಇತಿಹಾಸದ ಮೇಡಂ ತಮ್ಮ ಹೆರಿಗೆ ರಜೆಯ ವಾರಗಳಿಗೂ ‘ವಿದ್ಯಾರ್ಥಿಗಳು ಉತ್ಸಾಹದಿಂದ ಪಾಲ್ಗೊಂಡರು’ ಎಂದು ಬರೆದಿದ್ದರು. ಸುತ್ತೋಲೆ ಅದಕ್ಕೂ ಸಹಿ ಹಾಕಿದರು.

ಬರುವ ಬುಧವಾರ ಪರಿಶೀಲನೆಗೆ ಹೊರಗಿನ ತಂಡ ಬರುತ್ತದೆ. ಅವರಿಗೆ ಹಳೆಯ ದಾಖಲೆ ತೋರಿಸಬೇಕೆಂದು ನನ್ನ ಕೈಗೆ ಬೀರುವಿನ ಬೀಗದ ಕೈ ಕೊಟ್ಟರು. ಒಳಗೆ ವಿದ್ಯಾರ್ಥಿಗಳು ನಮ್ಮ ಬಗ್ಗೆ ಬರೆದುಕೊಟ್ಟ ಅಭಿಪ್ರಾಯದ ಹಾಳೆಗಳು, ವರ್ಷಕ್ಕೊಂದು ಕಟ್ಟು. ಕಟ್ಟಿದ ದಾರ ಕಟ್ಟಿದ ಹಾಗೇ ಇತ್ತು, ಇಷ್ಟು ವರ್ಷ ಯಾರೂ ಬಿಚ್ಚಿರಲಿಲ್ಲ. ನಿಮ್ಮ ತರಗತಿಯ ಐವತ್ತೆರಡು ಹಾಳೆಗಳು ಸಿಕ್ಕವು. ಅದರಲ್ಲಿ ಹೆಸರು ಬರೆಯುವ ಹಾಗಿಲ್ಲವಲ್ಲ, ಹಾಗಾಗಿ ಮನಸ್ಸು ಬಿಚ್ಚಿ ಬರೆದಿದ್ದಾರೆ. ‘ಪ್ರಶ್ನೆ ಕೇಳಿದರೆ ಮಾನ ಕಳೆಯುತ್ತಾರೆ.’ ‘ನೋಟ್ಸು ಹಳೆಯದು, ಬೈಗುಳ ಮಾತ್ರ ದಿನಾ ಹೊಸದು.’ ಇದನ್ನು ಬರೆದವನು ಜಾಣ, ಯಾರೋ ಏನೋ. ಐವತ್ತೊಂದು ಹಾಳೆಗಳಲ್ಲಿ ನನಗೆ ಐದಕ್ಕೆ ಎರಡರ ಮೇಲೆ ಸಿಕ್ಕಿಲ್ಲ. ಉಳಿದ ಒಂದರಲ್ಲಿ ಎಲ್ಲ ಸಾಲಿಗೂ ಐದಕ್ಕೆ ಐದು. ‘ವಿದ್ಯಾರ್ಥಿಗಳನ್ನು ಗೌರವದಿಂದ ಕಾಣುತ್ತಾರೆ’ ಎಂಬಲ್ಲೂ ಐದು. ನಿನ್ನ ಐದು ನನಗೆ ಗೊತ್ತಿಲ್ಲವೇ? ಅದರ ಬಾಲವನ್ನು ಹಾಗೆ ಎಳೆಯಬೇಡ ಎಂದು ಮೂರನೇ ಕ್ಲಾಸಿನಿಂದ ಬೈದವನು ನಾನೇ. ಹಾಳೆಯ ಮೇಲಿದ್ದದ್ದು ಸೋಮವಾರದ ತಾರೀಖು, ಆ ಗುರುವಾರ ಕಳೆದು ನಾಲ್ಕನೇ ದಿನ.

ಆ ಗುರುವಾರದ ಮಾತು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಇವತ್ತು ನಾನೇ ಎತ್ತುತ್ತೇನೆ. ಪೆಟ್ಟಿಗೆಯಲ್ಲಿ ಹತ್ತು ಬಲ್ಬು, ಮೂರು ಕೆಟ್ಟಿವೆ, ಒಂದಾದ ಮೇಲೊಂದು ಎರಡನ್ನು ತೆಗೆದರೆ ಒಂದಾದರೂ ಕೆಟ್ಟದ್ದು ಬರುವ ಸಂಭವ ಎಷ್ಟು ಎಂಬ ಲೆಕ್ಕ. ಪುಸ್ತಕ ನೋಡಿ ಮಾಡು ಎಂದು ನಿನ್ನನ್ನು ಬೋರ್ಡಿಗೆ ಕರೆದೆ. ನಿನ್ನ ಉತ್ತರ ನನ್ನ ನೋಟ್ಸಿಗೆ ಹೊಂದಲಿಲ್ಲ. ನೀನು ಸೀಮೆಸುಣ್ಣ ಕೆಳಗಿಡದೆ “ಇನ್ನೊಂದ್ಸಲ ನೋಡಿ ಸಾರ್” ಎಂದೆ. ಕ್ಲಾಸಿನಲ್ಲಿ ಅಪ್ಪ ಎನ್ನಬಾರದು ಎಂದು ನಾನೇ ಹೇಳಿಕೊಟ್ಟಿದ್ದೆ. “ದೀಪದ ಬುಡದಲ್ಲೇ ಕತ್ತಲೆ ಅನ್ನೋದು ಇದಕ್ಕೇ ನೋಡಿ. ಇವಳಿಗೆ ಹಾಕಿದ ಅನ್ನ ದಂಡ” ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಗಂಟೆ ಹೊಡೆಯುವವರೆಗೆ ಬಾಗಿಲ ಹತ್ತಿರ ನಿಲ್ಲಿಸಿದೆ. ಕ್ಲಾಸು ನಕ್ಕಿತು, ನಾನೂ ನಕ್ಕೆ. ಮಗಳೆಂದು ಪಕ್ಷಪಾತ ಮಾಡುತ್ತಾನೆ ಎಂಬ ಮಾತು ಬರಬಾರದು, ಅಷ್ಟೇ ಆಗ ತಲೆಯಲ್ಲಿದ್ದದ್ದು. ನಿನ್ನ ಲೆಕ್ಕ ತಪ್ಪಿದ್ದು ದೊಡ್ಡ ವಿಷಯವೇ ಅಲ್ಲ, ಅಷ್ಟಕ್ಕೆ ಹಾಗೆ ಆಡಬಾರದಿತ್ತು. ಆ ಸಲ ನೀನು ಪರೀಕ್ಷೆಗೆ ಕೂರಲಿಲ್ಲ. “ನಂಗೆ ತಲೇಲಿ ಅದಿಲ್ಲ ಬಿಡಮ್ಮ” ಎಂದು ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದೆ. ಹತ್ತನೇ ಕ್ಲಾಸಿನ ಗಣಿತದಲ್ಲಿ ನೂರಕ್ಕೆ ನೂರು ತಂದಿದ್ದವಳು ನೀನು. “ಹೋಗಿ ಒಂದು ಮಾತಾಡ್ರೀ ಅವಳ ಹತ್ರ” ಎಂದು ನಿನ್ನಮ್ಮ ಅಂಗಲಾಚಿದಳು. ನಾನು ಹೋಗಲಿಲ್ಲ.

ಅಂಥವನಿಗೆ ಐದಕ್ಕೆ ಐದು ಯಾಕೆ ಕೊಟ್ಟೆ ಮಗಳೇ? ಹೆದರಿ ಕೊಟ್ಟೆಯೋ, ನಾಲ್ಕು ಜನರ ಮುಂದೆ ಅಪ್ಪನ ಮಾನ ಹೋಗದಿರಲಿ ಎಂದು ಕೊಟ್ಟೆಯೋ? ಯಾವುದಾದರೂ ನನಗೆ ತಲೆ ತಗ್ಗಿಸುವ ಮಾತೇ. ಆ ವಾರಕ್ಕೆ ನನ್ನ ಪುಸ್ತಕದಲ್ಲಿ ಏನಿದೆ ಎಂದು ತೆಗೆದು ನೋಡಿದೆ. ‘ವಿದ್ಯಾರ್ಥಿಗಳು ತಮ್ಮ ತಪ್ಪುಗಳನ್ನು ತಾವೇ ಗುರುತಿಸುವಂತೆ ಮಾಡಲಾಯಿತು.’ ಸುತ್ತೋಲೆಗೆ ಅದು ಬಹಳ ಹಿಡಿಸಿದೆ. “ಭಾಷೆ ಚೆನ್ನಾಗಿದೆ ಸಾರ್, ತಂಡದೋರ ಮುಂದೆ ಮಾದರಿ ಅಂತ ಈ ಪುಟಾನೇ ಓದ್ಬಿಡಿ” ಎಂದರು. ಆಗಲಿ ಎಂದು ಬಂದಿದ್ದೇನೆ. ಓದುತ್ತೇನೆ ಕೂಡ, ನನ್ನ ಯೋಗ್ಯತೆ ಅಷ್ಟೇ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನಮ್ಮ ಉಣ್ಣೆಯ ಕಾಲುಚೀಲ ಹೆಣೆದಿದ್ದಾಳೆ, ಬೇರೆಯಾಗಿ ಕಳಿಸುತ್ತಾಳಂತೆ. ಯಾರ ಮುಂದೆಯೂ ತಲೆ ತಗ್ಗಿಸದೆ ಬಾಳು ಎಂದು ಹರಸುವ,

ನಿನ್ನ ಅಪ್ಪ

ಮರೆತ ಮಾತು: ಮರೆತದ್ದೇನಲ್ಲ. ಲಕೋಟೆಗೆ ಅಂಟು ಹಚ್ಚಿದವನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನಿನ್ನ ಲೆಕ್ಕ ತಪ್ಪಿತ್ತು ಎಂದು ಮೇಲೆ ಬರೆದದ್ದು ಸುಳ್ಳು. ಮೊದಲು ತೆಗೆದ ಬಲ್ಬನ್ನು ಮತ್ತೆ ಪೆಟ್ಟಿಗೆಗೆ ಹಾಕಬಾರದು ಎಂದು ಪುಸ್ತಕದಲ್ಲಿ ಸ್ಪಷ್ಟವಾಗಿದೆ. ನನ್ನ ಇಪ್ಪತ್ತು ವರ್ಷದ ಹಳೆಯ ನೋಟ್ಸಿನಲ್ಲಿ ಹಾಕಿದಂತೆ ಲೆಕ್ಕ ಮಾಡಿಟ್ಟಿದ್ದೆ. ಹದಿನೈದರಲ್ಲಿ ಎಂಟು ಎಂಬ ನಿನ್ನ ಉತ್ತರವೇ ಸರಿ. ಇದು ನನಗೆ ಈಗ ತಿಳಿದದ್ದಲ್ಲ. ಆ ಗುರುವಾರ ಸಂಜೆ ನೀನು ಪಕ್ಕದ ಕೋಣೆಯಲ್ಲಿ ಅಳುತ್ತಿದ್ದಾಗಲೇ ಪುಸ್ತಕ ತೆಗೆದು ನೋಡಿದ್ದೆ.