ಯಾರ ಪಾಪವೂ ಅಲ್ಲ

ಅಶೋಕಪುರಂ, ಮೈಸೂರು
ಸೋಮವಾರ, 16 ಮಾರ್ಚ್ 2026

ನಮ್ಮ ಮನೆಯವರಾದ ಆಂಟೋ ಅವರಿಗೆ,

ನಿಮ್ಮ ಜಯಮೇರಿಯ ವಂದನೆ. ಸರ್ವೇಶ್ವರನ ದಯೆಯಿಂದ ನಾನೂ ಮಗಳು ಮರ್ಲಿನ್ನೂ ಚೆನ್ನಾಗಿದ್ದೇವೆ. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ, ಎತ್ತಿದರೂ ಪಕ್ಕದಲ್ಲಿ ವಸಂತ್ ಬ್ರದರ್ ಇರುತ್ತಾರೆ. ಅದಕ್ಕೇ ಈ ಕಾಗದ. ಇದಕ್ಕೆ ನಡುವೆ ಬಾಯಿ ಹಾಕಲು ಆಗುವುದಿಲ್ಲ, ಪೂರ್ತಿ ಓದಿ.

ನೀವು ಮೇಟಗಳ್ಳಿಯಲ್ಲಿ ಬ್ರದರ್ ನಡೆಸುವ ಪ್ರಾರ್ಥನಾ ಮಂದಿರಕ್ಕೆ ಹೋಗಿ ಅಲ್ಲೇ ಉಳಿದು ತಿಂಗಳಾಯಿತು. ಕೇಳಿದವರಿಗೆಲ್ಲ ನಿಮಗೆ ಆ ಕಡೆ ಹೊಸ ಕೆಲಸ ಸಿಕ್ಕಿದೆ ಎಂದಿದ್ದೇನೆ. ಪಕ್ಕದ ಮನೆಯ ಇಂದ್ರಮ್ಮ ನಂಬಿಲ್ಲ, ಆದರೂ ಕೆದಕಲಿಲ್ಲ. ನನಗೆ ಜ್ವರ ಬಂದಾಗ ವಾರವಿಡೀ ಅನ್ನ ಸಾರು ತಂದಿಟ್ಟವರು ಅವರೇ. ಅನ್ಯಧರ್ಮದವರ ಮನೆ ಊಟ ಶಾಪ ತರುತ್ತದೆ ಎಂದು ಬ್ರದರ್ ಹೇಳಿದ್ದಾರಲ್ಲ, ನಾನು ಎರಡೆರಡು ಸಲ ಬಡಿಸಿಕೊಂಡು ತಿಂದೆ. ಜ್ವರ ಬಿಟ್ಟಿತು. ಆ ತಾಯಿಯನ್ನು ಕೊಟ್ಟ ದೇವರಿಗೆ ಸ್ತೋತ್ರ.

ನಿಮ್ಮ ಮೇಲೆ ಕೋಪವಿದೆ. ಫ್ಯಾಕ್ಟರಿ ಕೆಲಸ ಹೋದಾಗ ನೀವು ಕುಗ್ಗಿಹೋದಿರಿ, ಆಗ ಧೈರ್ಯ ಹೇಳಿದವರು ಬ್ರದರ್, ಅದನ್ನು ಒಪ್ಪುತ್ತೇನೆ. ಆದರೆ ಮರ್ಲಿನ್‌ಗೆ ಹುಟ್ಟುತ್ತಲೇ ಕಿವಿ ಕೇಳಿಸದಿದ್ದುದು ತಾಯಿಯ ಪಾಪದಿಂದ, ತಾಯಿ ಎಲ್ಲರೆದುರು ಪಾಪ ಒಪ್ಪಿಕೊಂಡು ಮಗುವಿನ ಕಿವಿಯ ಮಿಷನ್ ತೆಗೆದಿಟ್ಟರೆ ಕಿವಿ ತೆರೆಯುತ್ತದೆ ಎಂದು ಅವರು ಹೇಳಿದರು. ನೀವು ಹೌದೆಂದು ತಲೆಯಾಡಿಸಿದಿರಿ. ಬರುವ ಶುಕ್ರವಾರದ ಕೂಟದಲ್ಲಿ ಇದು ಆಗಲೇಬೇಕು, ಇಲ್ಲದಿದ್ದರೆ ಮನೆಗೆ ಬರುವುದಿಲ್ಲ ಎಂದೂ ಹೇಳಿಕಳುಹಿಸಿದಿರಿ.

ನಿಜ ಹೇಳುತ್ತೇನೆ, ಶನಿವಾರದವರೆಗೂ ನಾನು ಬರುವವಳೇ ಇದ್ದೆ. ನೀವು ಮನೆ ಸೇರಿದರೆ ಸಾಕು, ಯಾವುದೋ ಒಂದು ಪಾಪ ಹೇಳಿಬಿಡೋಣ ಎಂದುಕೊಂಡೆ. ರವಿಕೆ ಹೊಲಿಯುತ್ತ ಕೂತು ಹುಡುಕಿದೆ. ಮದುವೆಗೆ ಮುಂಚೆ ಯಾರನ್ನೋ ಇಷ್ಟಪಟ್ಟಿದ್ದೆ ಎಂದರೆ ನಡೆದೀತು ಅನ್ನಿಸಿತು. ಯಾರನ್ನು ಎಂದು ಕೇಳಿದರೆ ಹೇಳಲು ಒಂದು ಹೆಸರೂ ಹೊಳೆಯಲಿಲ್ಲ ಕಣ್ರೀ. ಅಷ್ಟು ಸಪ್ಪೆ ನನ್ನ ಬಾಳು. ಮೊದಲು ನಗು ಬಂತು, ಆಮೇಲೆ ಅಳು.

ನಿನ್ನೆ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ನಾಲ್ಕನೆಯ ಭಾನುವಾರ. ಬ್ರದರ್ ತಮಗೆ ಬೇಕಾದ ವಚನ ಹುಡುಕಿ ತೆಗೆದು ಓದುತ್ತಾರೆ. ನಮ್ಮ ಚರ್ಚಿನಲ್ಲಿ ಫಾದರ್‌ಗೂ ಆ ಸ್ವಾತಂತ್ರ್ಯವಿಲ್ಲ, ಯಾವ ಭಾನುವಾರಕ್ಕೆ ಯಾವುದು ಎಂದು ನಿಗದಿಯಾಗಿದೆಯೋ ಅದನ್ನೇ ಓದಬೇಕು. ನಿನ್ನೆ ಬಂದದ್ದು ಹುಟ್ಟುಗುರುಡನ ಶುಭಸಂದೇಶ. ಇವನು ಕುರುಡನಾಗಿ ಹುಟ್ಟಲು ಪಾಪ ಮಾಡಿದವರು ಯಾರು, ಇವನೋ ಹೆತ್ತವರೋ ಎಂದು ಶಿಷ್ಯರು ಕೇಳುತ್ತಾರೆ. ಇವನೂ ಅಲ್ಲ, ಹೆತ್ತವರೂ ಅಲ್ಲ ಎನ್ನುತ್ತಾರೆ ಯೇಸುಸ್ವಾಮಿ. ಮೂರು ವರ್ಷಕ್ಕೊಮ್ಮೆ ಬರುವ ಈ ಮಾತನ್ನು ಹಿಂದೆಲ್ಲ ಕೇಳುತ್ತ ಆಕಳಿಸಿದ್ದೇನೆ. ನಿನ್ನೆ ಒಂದೊಂದು ಅಕ್ಷರವನ್ನೂ ಕಿವಿಗೊಟ್ಟು ಕೇಳಿದೆ.

ಅಷ್ಟರಲ್ಲಿ ಮರ್ಲಿನ್ ನನ್ನ ಸೆರಗು ಜಗ್ಗಿ, ಅವಳದು ಮೊದಲೇ ದೊಡ್ಡ ದನಿ, ಇಡೀ ಚರ್ಚಿಗೆ ಕೇಳುವಂತೆ, “ಅಮ್ಮಾ, ಹಂಗಾದ್ರೆ ನೀನು ಏನೂ ತಪ್ಪು ಮಾಡಿಲ್ವಾ?” ಎಂದಳು. ನೀವೂ ನಾನೂ ಆಡಿದ ಜಗಳವೆಲ್ಲ ಅವಳಿಗೆ ಕೇಳಿಸಿತ್ತು. ಇಲ್ಲ ಕಂದ ಎಂದೆ. ಫಾದರ್ ಒಂದು ಗಳಿಗೆ ನಮ್ಮ ಕಡೆ ನೋಡಿ, ಆಮೇಲೆ ಮುಂದಕ್ಕೆ ಓದಿದರು.

ಆದ್ದರಿಂದ ಶುಕ್ರವಾರ ನಾನು ಬರುವುದಿಲ್ಲ, ಮಗುವನ್ನೂ ಕಳುಹಿಸುವುದಿಲ್ಲ. ಮಿಷನ್ ಅವಳ ಕಿವಿಯಲ್ಲೇ ಇರುತ್ತದೆ. ದೇವರಿಗೆ ವಾಸಿ ಮಾಡುವ ಮನಸ್ಸಿದ್ದರೆ ಒಂದು ಮಿಷನ್ ಅಡ್ಡ ಬರುತ್ತದೆಯೇ? ಇದಕ್ಕಾಗಿ ನೀವು ಮನೆಗೆ ಬರದೇ ಹೋದರೆ ಅಳುತ್ತೇನೆ, ಆದರೆ ದೇವರ ಹೆಸರಿನಲ್ಲಿ ಸುಳ್ಳು ಹೇಳುವುದಿಲ್ಲ.

ಇಷ್ಟು ಕೋಪದಲ್ಲೂ ನಿಮ್ಮ ಋಣ ಮರೆತಿಲ್ಲ. ಮಾನಸಗಂಗೋತ್ರಿಯಲ್ಲಿ ಕಿವಿ ಕೇಳದ ಮಕ್ಕಳಿಗೆ ಕೊಡುವ ಮಾತಿನ ತರಬೇತಿಗೆ ಅವಳನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋದವರು ನೀವು. ಕನ್ನಡಿ ಮುಂದೆ ಕೂತು, ನಿಮ್ಮ ತುಟಿ ತೋರಿಸಿ ತೋರಿಸಿ ಮಾತು ಕಲಿಸಿದವರು ನೀವು. ಮೊದಲು ಅವಳು ಅಂದದ್ದು “ಅಪ್ಪ”. ನನಗೆ ಹೊಟ್ಟೆಕಿಚ್ಚಾಗಿತ್ತು, ಈಗ ಹೇಳುತ್ತಿದ್ದೇನೆ. ದೇವರ ಕೆಲಸ ಎಂದರೆ ಅದೇ ಅಲ್ಲವೇನ್ರೀ? ವೇದಿಕೆ, ಮೈಕು ಯಾವುದೂ ಇಲ್ಲದೆ ನಮ್ಮ ನಡುಮನೆಯಲ್ಲೇ ಆಯಿತು. ಅದನ್ನು ನೆನೆದಾಗಲೆಲ್ಲ ನಿಮ್ಮನ್ನು ನನಗೆ ಕೊಟ್ಟ ದೇವರಿಗೆ ಕೈ ಮುಗಿಯುತ್ತೇನೆ.

ಕೋಪದಲ್ಲೂ ಅಕ್ಕರೆಯಲ್ಲೂ ನಿಮ್ಮವಳೇ ಆದ,
ಜಯಮೇರಿ

ತಾ.ಕ.: ಲಕೋಟೆ ಅಂಟಿಸುವಾಗ ಮರ್ಲಿನ್ ಬಂದು, ಅಪ್ಪ ನಿನ್ನೆ ಚರ್ಚಿನ ಪೂಜೆಗೆ ಬಂದಿದ್ದರು, ಹಿಂದೆ ಎಲ್ಲೋ ನಿಂತಿದ್ದರು ಎಂದಳು. ನೋಡಿದೆಯಾ ಎಂದರೆ ನೋಡಲಿಲ್ಲವಂತೆ. “ಕೆಮ್ಮಿದ್ರು, ಕೇಳಿಸ್ತು. ತಿರುಗಿ ನೋಡಿದ್ರೆ ಹೊರಟೋಗ್ಬುಡ್ತಾರೆ ಅಂತ ಸುಮ್ನಿದ್ದೆ” ಎಂದಳು.